ತಾತನ ರೇಜರ್, ಯಾರ ಬ್ಲೇಡ್?

ಕುಣಿಗಲ್‌ನ ಹಳೇ ಮನೆಯ ಅಟ್ಟದಲ್ಲಿ ತಾತನ ಇಂಜೆಕ್ಟರ್ ರೇಜರ್ ಸಿಕ್ತು. ಅಮೆರಿಕದಿಂದ ನೆಂಟರೊಬ್ಬರು ತಂದುಕೊಟ್ಟಿದ್ದಂತೆ. ತುಮಕೂರಿನ ಅಂಗಡಿಗಳನ್ನೆಲ್ಲ ಸುತ್ತಿದೆ, ಅದಕ್ಕೆ ಹೊಂದುವ ಬ್ಲೇಡ್ ಸಿಗಲಿಲ್ಲ. ಎಂಜಿನಿಯರಿಂಗ್ ಓದಿದ ಕೊಬ್ಬು ನೋಡಿ, ಮಾಮೂಲಿ ಬ್ಲೇಡನ್ನೇ ಮುರಿದು ತುರುಕಿದೆ. ಗದ್ದ ಕುಯ್ದುಹೋಯ್ತು!

ಮಾಮೂಲಿ ಬ್ಲೇಡಿನ ದಪ್ಪ 0.1 ಮಿಲಿಮೀಟರ್, ಇಂಜೆಕ್ಟರ್ ಬ್ಲೇಡಿನದು ಸುಮಾರು 0.25. ತೆಳು ಬ್ಲೇಡ್ ಆ ಸಂದಿಯಲ್ಲಿ ಬಿಗಿಯಾಗಿ ಕೂರದೆ ಅದುರುತ್ತೆ, ಚರ್ಮ ಕೆರೆಯುತ್ತೆ.

ಇದಕ್ಕೊಂದು ಇತಿಹಾಸವಿದೆ. ಜಿಲೆಟ್‌ಗೆ 1904ರಲ್ಲಿ ಸಿಕ್ಕ ಪೇಟೆಂಟ್ 1921ರಲ್ಲಿ ಮುಗಿಯಿತು. ಆಮೇಲೆ ಎರಡಲಗಿನ ಬ್ಲೇಡನ್ನು ಬೇರೆಯವರೂ ಮಾಡತೊಡಗಿದರು. ಅದೇ ದಶಕದಲ್ಲಿ ಅಮೆರಿಕದ ನಿವೃತ್ತ ಸೇನಾಧಿಕಾರಿ ಜೇಕಬ್ ಶಿಕ್, ಬಂದೂಕಿಗೆ ಗುಂಡು ತುಂಬಿದ ಹಾಗೆ ಬ್ಲೇಡ್ ತುಂಬುವ ಉಪಾಯ ತಂದರು. ಇಂಜೆಕ್ಟರ್ ಅದರದೇ ಮುಂದಿನ ಕೂಸು. ಜಾಣ ಯಂತ್ರ ನಿಜ, ಆದರೆ ಅದರ ಬ್ಲೇಡೇ ಬೇರೆ.

ಈಗ ಗುಬ್ಬಿಯ ಸಲೂನಿಗೆ ಬನ್ನಿ. ಎರಡಲಗಿನ ಬ್ಲೇಡನ್ನು ಕಾಗದದ ಸಮೇತ ಮುರಿದು, ಅರ್ಧವನ್ನು ಕತ್ತಿಗೆ ಸಿಕ್ಕಿಸುತ್ತಾರೆ. ಒಂದೇ ಬ್ಲೇಡಿನಲ್ಲಿ ಇಬ್ಬರಿಗೆ ಹೊಸ ಅಲಗು. ಯಾವ ಕಂಪನಿಯದ್ದಾದರೂ ನಡೆಯುತ್ತೆ.

ಸ್ವಾಮಿ, ಹಿಡಿ ನಮ್ಮದಾದರೆ ಸಾಲದು, ಬ್ಲೇಡ್ ನಾಲ್ಕು ಅಂಗಡಿಯಲ್ಲಿ ಸಿಗಬೇಕು. ನಾಳೆ ಪ್ರಿಂಟರ್ ಕೊಳ್ಳೋಕೆ ಹೋದಾಗ, ಇಂಕ್ ಯಾರ್‍ಯಾರು ಮಾರ್ತಾರೆ ಅಂತ ಮೊದಲು ಕೇಳಿ.