ಶಾಕ್, ಸ್ಪ್ರಿಂಗ್ ಬದಲಿಸಿದ ಮೇಲೆ ಕಾರು ನೇರ ಓಡಿದರೆ ಸಾಕೇ? ಸಸ್ಪೆನ್ಷನ್ ಮರುಹೊಂದಾಣಿಕೆ ಏಕೆ ಬೇಕು?

“ಹೊಸ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಹಾಕಿಸಿದ ಮೇಲೆ ಕಾರು ನೇರ ಹೋಗುತ್ತಿದ್ದರೆ ಅಲೈನ್‌ಮೆಂಟ್ ಬೇಕಿಲ್ಲ, ಅದು ದುಡ್ಡು ದಂಡ.” ಗ್ಯಾರೇಜಿನಲ್ಲೋ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಇಂಥ ಮಾತನ್ನು ನೀವೂ ಕೇಳಿರಬಹುದು. ಈ ಮಾತು ನಿಜವೇ? ಅಲ್ಲ. ಕಾರು ನೇರ ಓಡುತ್ತಲೇ ಟೈರನ್ನು ತಿಂದು ಹಾಕಬಹುದು, ತುರ್ತಾಗಿ ಬ್ರೇಕ್ ಒತ್ತಿದಾಗ ದಾರಿಯನ್ನೂ ತಪ್ಪಬಹುದು. ಏಕೆ ಎಂದು ತಿಳಿಯೋಣ.

ಉದಾಹರಣೆಗೆ ಒಂದು ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳುತ್ತೇವೆ: 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5. ಎರಡೇ ಸೀಟಿನ ಈ ಜಪಾನಿ ಕಾರಿನ ನಾಲ್ಕೂ ಚಕ್ರಗಳಿಗೆ ‘ಡಬಲ್ ವಿಷ್‌ಬೋನ್’ ಸಸ್ಪೆನ್ಷನ್ ಇದೆ. ಅಂದರೆ ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತದೆ. ಕೆಳಗಿನ ತೋಳಿನ ಬುಡದಲ್ಲಿರುವ ವಿಶೇಷ ಬೋಲ್ಟ್‌ಗಳನ್ನು ತಿರುಗಿಸಿ ಚಕ್ರದ ಕೋನವನ್ನು ಬದಲಿಸಬಹುದು. ಹಾಗಾಗಿ ವಿಷಯ ತಿಳಿಯಲು ಇದು ಒಳ್ಳೆಯ ಮಾದರಿ.

ಸ್ಪ್ರಿಂಗ್ ಬದಲಾದರೆ ಚಕ್ರದ ಕೋನ ಏಕೆ ಬದಲಾಗುತ್ತದೆ?

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತವನ್ನು ತಡೆಯುವುದು ಶಾಕ್. ಹೊಸ ಸ್ಪ್ರಿಂಗ್ ಗಿಡ್ಡವಾಗಿದ್ದರೆ ಅಥವಾ ಗಟ್ಟಿಯಾಗಿದ್ದರೆ ಕಾರು ನಿಲ್ಲುವ ಎತ್ತರ ಬದಲಾಗುತ್ತದೆ. ಎತ್ತರ ಬದಲಾದರೆ ತೋಳುಗಳ ಓರೆ ಬದಲಾಗುತ್ತದೆ. ತೋಳು ಓರೆಯಾದರೆ ಚಕ್ರವೂ ಓರೆಯಾಗುತ್ತದೆ.

ಗಮನಿಸಬೇಕಾದ ಕೋನಗಳು ಮೂರು.

ಕ್ಯಾಂಬರ್: ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವುದು. ಎಂಎಕ್ಸ್-5 ತಗ್ಗಿದಾಗ ಅದು ಒಳಕ್ಕೆ ವಾಲುತ್ತದೆ.

ಕ್ಯಾಸ್ಟರ್: ಬೈಕಿನ ಮುಂದಿನ ಫೋರ್ಕ್ ಹಿಂದಕ್ಕೆ ಬಾಗಿರುವಂತೆ, ಚಕ್ರ ತಿರುಗುವ ಅಕ್ಷವೂ ಹಿಂದಕ್ಕೆ ಬಾಗಿರುವುದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಲು ಇದು ನೆರವಾಗುತ್ತದೆ.

ಟೋ: ನಿಂತು ನಿಮ್ಮ ಪಾದಗಳನ್ನೇ ನೋಡಿಕೊಳ್ಳಿ. ಹೆಬ್ಬೆರಳುಗಳು ಒಳಮುಖವಾಗಿದ್ದರೆ ‘ಟೋ ಇನ್’, ಹೊರಮುಖವಾಗಿದ್ದರೆ ‘ಟೋ ಔಟ್’. ಚಕ್ರಗಳಿಗೂ ಇದೇ ಲೆಕ್ಕ.

ಟೈರಿಗೆ ದೊಡ್ಡ ಶತ್ರು ಈ ಟೋ. ಒಂದು ಚಕ್ರ ಸಾಗಬೇಕಾದ ದಿಕ್ಕಿನಿಂದ 1 ಡಿಗ್ರಿ ಓರೆಯಾಗಿದೆ ಎನ್ನೋಣ. ಆಗ ಪ್ರತಿ ಕಿಲೋಮೀಟರಿಗೆ ಅದು ಸುಮಾರು 17 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋದಂತೆ. ಕಾಲು ಡಿಗ್ರಿ ತಪ್ಪಿದರೂ 4 ಮೀಟರ್ ದಾಟುತ್ತದೆ. ಎಡ, ಬಲ ಎರಡೂ ಚಕ್ರ ಒಂದೇ ಅಳತೆಯಲ್ಲಿ ಒಳಕ್ಕೆ ತಿರುಗಿದ್ದರೆ ಒಂದರ ಎಳೆತವನ್ನು ಇನ್ನೊಂದು ಸರಿದೂಗಿಸುತ್ತದೆ. ಕಾರು ನೇರವಾಗಿಯೇ ಓಡುತ್ತದೆ, ಟೈರು ಮಾತ್ರ ಸವೆಯುತ್ತಲೇ ಇರುತ್ತದೆ. “ನೇರ ಓಡಿದರೆ ಸಾಕು” ಎಂಬ ಮಾತು ಸುಳ್ಳಾಗುವುದು ಇಲ್ಲಿಯೇ.

ಸರಿಯಾದ ಕ್ರಮ ಯಾವುದು?

ಈ ಕೆಲಸದಲ್ಲಿ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

1. ಬೋಲ್ಟ್ ಬಿಗಿಯುವುದು ಚಕ್ರದ ಮೇಲೆ ಭಾರ ಬಿದ್ದ ನಂತರ. ತೋಳಿನ ಬುಡದಲ್ಲಿ ರಬ್ಬರ್ ಬುಶ್ ಇರುತ್ತದೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕಾರನ್ನು ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ. ಅದು ಬೇಗ ಹರಿಯುತ್ತದೆ, ಕಾರಿನ ಎತ್ತರದ ಅಳತೆಯೂ ತಪ್ಪುತ್ತದೆ.

2. ಸ್ವಲ್ಪ ಓಡಿಸಿ. ಹೊಸ ಸ್ಪ್ರಿಂಗ್ ತನ್ನ ಜಾಗದಲ್ಲಿ ಕೂರಲು ಕೆಲವು ದಿನದ ಸಾಧಾರಣ ಓಡಾಟ ಬೇಕು. ಆದರೆ ಟೋ ಕಣ್ಣಿಗೆ ಕಾಣುವಷ್ಟು ತಪ್ಪಿದ್ದರೆ ಕಾಯಬೇಡಿ. ಮೊದಲು ಒರಟಾಗಿ ಸರಿಪಡಿಸಿ, ಅಂತಿಮ ಅಳತೆಯನ್ನು ಆಮೇಲೆ ಮಾಡಿಸಿ.

3. ಎತ್ತರ ಹೊಂದಿಸಿ. ಎತ್ತರ ಬದಲಿಸಬಹುದಾದ ‘ಕಾಯ್ಲೋವರ್’ ಹಾಕಿದ್ದರೆ ಇದು ಮುಖ್ಯ. ಚಕ್ರ 10 ಮಿ.ಮೀ. ಚಲಿಸಿದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಕುಗ್ಗುವ ರಚನೆ ಇದ್ದರೆ, ಸ್ಪ್ರಿಂಗ್ ತಟ್ಟೆಯನ್ನು 10 ಮಿ.ಮೀ. ಇಳಿಸಿದಾಗ ಕಾರು ಸುಮಾರು 14 ಮಿ.ಮೀ. ತಗ್ಗುತ್ತದೆ.

4. ನಾಲ್ಕು ಮೂಲೆಯ ಭಾರ ನೋಡಿ. ಕುಂಟುವ ಮಂಚವನ್ನು ನೆನಪಿಸಿಕೊಳ್ಳಿ. ಒಂದು ಕಾಲು ಉದ್ದವಾದರೆ ಅದರ ಮೇಲೂ, ಅದರ ಕರ್ಣದ ತುದಿಯ ಕಾಲಿನ ಮೇಲೂ ಭಾರ ಹೆಚ್ಚುತ್ತದೆ. ಉಳಿದೆರಡು ಹಗುರವಾಗುತ್ತವೆ. ಕಾರಿನಲ್ಲೂ ಒಂದು ಮೂಲೆಯನ್ನು ಎತ್ತರಿಸಿದರೆ ಹೀಗೆಯೇ ಆಗುತ್ತದೆ. ಆಗ ಕಾರು ಎಡ ತಿರುವಿನಲ್ಲಿ ಒಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ. ಬ್ರೇಕ್ ಒತ್ತಿದಾಗ ಹಗುರವಾದ ಚಕ್ರ ಮೊದಲು ಜಾರುತ್ತದೆ. ಆದ್ದರಿಂದ ನಾಲ್ಕು ತಕ್ಕಡಿಗಳ ಮೇಲೆ ಕಾರನ್ನು ನಿಲ್ಲಿಸಿ, ಚಾಲಕನ ಸೀಟಿನಲ್ಲಿ ಅವರಷ್ಟೇ ಭಾರ ಇಟ್ಟು ಅಳೆಯುತ್ತಾರೆ. ಕರ್ಣದ ಎರಡು ಚಕ್ರಗಳ ಮೊತ್ತ ಒಟ್ಟು ತೂಕದ ಅರ್ಧಕ್ಕೆ ಹತ್ತಿರ ಇರಬೇಕು.

5. ಕೊನೆಗೆ ಕೋನಗಳು. ಮೊದಲು ಕ್ಯಾಸ್ಟರ್ ಮತ್ತು ಕ್ಯಾಂಬರ್, ಕಟ್ಟಕಡೆಗೆ ಟೋ. ಏಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಕೂಡ ಬದಲಾಗುತ್ತದೆ. ಎಂಎಕ್ಸ್-5ನಲ್ಲಿ ಹಿಂದಿನ ಚಕ್ರಗಳ ಟೋ ಕೂಡ ಹೊಂದಿಸಬೇಕು. ‘ಮುಂದಿನದ್ದು ಮಾತ್ರ ಸಾಕು’ ಎಂದರೆ ಒಪ್ಪಬೇಡಿ.

6. ಹೆಡ್‌ಲೈಟ್ ಮರೆಯಬೇಡಿ. ಎಂಎಕ್ಸ್-5ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2265 ಮಿ.ಮೀ. ಹಿಂಭಾಗ ಮುಂಭಾಗಕ್ಕಿಂತ 20 ಮಿ.ಮೀ. ಹೆಚ್ಚು ತಗ್ಗಿದರೂ, 50 ಮೀಟರ್ ದೂರದಲ್ಲಿ ಬೆಳಕು ಸುಮಾರು 44 ಸೆಂ.ಮೀ. ಮೇಲೇರುತ್ತದೆ. ಅದು ನೇರವಾಗಿ ಎದುರು ಬರುವವರ ಕಣ್ಣಿಗೆ.

ಕೆಲವು ತಪ್ಪು ನಂಬಿಕೆಗಳು

“ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದ್ದೇನೆ, ಸಾಕು.” ಬ್ಯಾಲೆನ್ಸಿಂಗ್ ಎಂದರೆ ಚಕ್ರದ ಸುತ್ತ ತೂಕ ಸಮವಾಗಿ ಹಂಚುವುದು. ಅದು ಸ್ಟೀರಿಂಗ್ ನಡುಕವನ್ನು ನಿಲ್ಲಿಸುತ್ತದೆ, ಕೋನವನ್ನು ಸರಿಪಡಿಸುವುದಿಲ್ಲ.

“ಶಾಕ್ ಗಟ್ಟಿಯಾದಷ್ಟೂ ಹಿಡಿತ ಜಾಸ್ತಿ.” ಇಲ್ಲ. ಶಾಕ್ ಸ್ಪ್ರಿಂಗ್‌ಗೆ ಹೊಂದಬೇಕು. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಕುಣಿತವನ್ನು ಹಿಂದಿನಷ್ಟೇ ತಡೆಯಲು ಶಾಕ್‌ನ ಬಲ ಸುಮಾರು 1.4 ಪಟ್ಟು ಹೆಚ್ಚಿದರೆ ಸಾಕು. ಅತಿ ಗಟ್ಟಿ ಶಾಕ್ ಇದ್ದರೆ ಗುಂಡಿ ರಸ್ತೆಯಲ್ಲಿ ಚಕ್ರ ಪುಟಿದು ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಶಾಕ್‌ಗೆ ಹೊಂದಾಣಿಕೆ ಗುಂಡಿ ಇದ್ದರೆ ಮೆತ್ತಗಿನ ಕಡೆಯಿಂದ ಆರಂಭಿಸಿ, ಎಡ ಬಲ ಸಮವಾಗಿಟ್ಟು, ಒಂದೊಂದೇ ಹಂತ ಏರಿಸಿ ನೋಡಿ.

“ಸ್ಪ್ರಿಂಗ್ ಬದಲಿಸುವುದು ಮನೆಯಲ್ಲೇ ಸುಲಭ.” 10 ಸೆಂ.ಮೀ. ಒತ್ತಿ ಹಿಡಿದ ಸಾಧಾರಣ ಸ್ಪ್ರಿಂಗ್ ಕೂಡ ಸುಮಾರು 200 ಜೂಲ್ ಶಕ್ತಿಯನ್ನು ಅಡಗಿಸಿಕೊಂಡಿರಬಹುದು. ಅದು 20 ಕೆ.ಜಿ. ಕಲ್ಲನ್ನು 1 ಮೀಟರ್ ಎತ್ತರದಿಂದ ಬಿಟ್ಟಷ್ಟು. ಒತ್ತುವ ಉಪಕರಣ ಜಾರಿದರೆ ಮುಖ, ಕೈ ಉಳಿಯುವುದು ಕಷ್ಟ. ತರಬೇತಿ ಇದ್ದವರಿಂದಲೇ ಮಾಡಿಸಿ.

ನಮ್ಮದು ಸಾಮಾನ್ಯ ಕಾರು. ನಮಗೂ ಇದು ಬೇಕೇ?

ಬೇಕು. ಎತ್ತರ ಬದಲಾಗದ ಕಂಪನಿ ಶಾಕ್ ಹಾಕಿದರೂ, ಹಲವು ಸಣ್ಣ ಕಾರುಗಳಲ್ಲಿ ಮುಂದಿನ ಶಾಕ್ ಮತ್ತು ಚಕ್ರದ ನಡುವಿನ ಬೋಲ್ಟ್ ಬಿಚ್ಚಲೇಬೇಕು. ಆ ಬೋಲ್ಟ್‌ನ ರಂಧ್ರದಲ್ಲಿರುವ ಅಲ್ಪ ಸಡಿಲವೇ ಕ್ಯಾಂಬರ್ ಮತ್ತು ಟೋವನ್ನು ಕೆಡಿಸುತ್ತದೆ. ನಾಲ್ಕು ಮೂಲೆಯ ತೂಕ ನೋಡುವುದು ನಿಮಗೆ ಬೇಕಾಗಲಿಕ್ಕಿಲ್ಲ, ಅಲೈನ್‌ಮೆಂಟ್ ಮಾತ್ರ ಬೇಕೇ ಬೇಕು. ಇನ್ನು ಕಾರನ್ನು ತಗ್ಗಿಸುವ ಯೋಚನೆ ಇದ್ದರೆ ಒಂದು ಮಾತು. ಭಾರತದಲ್ಲಿ ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕಿದೆ. ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಅಲೈನ್‌ಮೆಂಟ್ ಆದ ಮೇಲೆ ‘ಮೊದಲು–ನಂತರ’ ಅಳತೆಯ ಮುದ್ರಿತ ಚೀಟಿ ಕೇಳಿ ಪಡೆಯಿರಿ. ಕಂಪನಿ ಹೇಳಿದ ಮಿತಿಯೊಳಗೆ ಸಂಖ್ಯೆಗಳಿವೆಯೇ ನೋಡಿ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಬ್ರೇಕ್ ಪೈಪು ಎಲ್ಲೂ ಎಳೆಯುತ್ತಿಲ್ಲ, ಟೈರು ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ‘ಟಕ್ ಟಕ್’ ಶಬ್ದ ಬಂದರೆ ಅದೇ ದಿನ ಗ್ಯಾರೇಜಿಗೆ ಮರಳಿ.

ಒಟ್ಟಿನಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಜೋಡಿಸುವುದು ಅರ್ಧ ಕೆಲಸ, ಹೊಂದಿಸುವುದು ಇನ್ನರ್ಧ. “ನೇರ ಓಡಿದರೆ ಸಾಕು” ಎಂಬ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳುಹಿಸುವ ಮೊದಲು ನಿಮ್ಮ ಟೈರಿನ ಒಳ ಅಂಚನ್ನು ಒಮ್ಮೆ ಕೈಯಿಂದ ಸವರಿ ನೋಡಿ.