ಬ್ಯಾಕ್‌ಲಾಗ್ ಎಂಬ ಹಿಂದಿನ ಕೊರಡು

ಮೊನ್ನೆ ಸೋಮವಾರ ಬೆಳಿಗ್ಗೆ ಮಗಳು ಉಪ್ಪಿಟ್ಟಿನ ತಟ್ಟೆ ಅರ್ಧಕ್ಕೇ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಓಡಿದಳು. "ಏನೇ ಅವಸರ?" ಅಂದೆ. "ಬ್ಯಾಕ್‌ಲಾಗ್ ನೋಡೋ ಮೀಟಿಂಗ್ ಇದೆ ಅಪ್ಪಾ" ಅಂದಳು. ಒಂದು ಕ್ಷಣ ಗಾಬರಿಯಾಯಿತು. ಬ್ಯಾಕ್‌ಲಾಗ್ ಅಂದರೆ ನನ್ನ ಲೆಕ್ಕದಲ್ಲಿ ಇಂಜಿನಿಯರಿಂಗ್ ಹುಡುಗರು ಪಾಸು ಮಾಡದೆ ಉಳಿಸಿಕೊಂಡ ಪೇಪರು. ಇವಳದು ಎಲ್ಲಾ ಮುಗಿದು ನಾಲ್ಕು ವರ್ಷವಾಯಿತಲ್ಲ! :)

ಆಮೇಲೆ ಕುತೂಹಲಕ್ಕೆ ಬಿದ್ದು ಈ ಪದದ ಬೆನ್ನು ಹತ್ತಿದೆ. ಮೂಲದಲ್ಲಿ ಅದು ಇಂಗ್ಲಿಷರ ಒಲೆಯ ಪದ. ಬೆಂಕಿಗೂಡಿನ ಹಿಂಭಾಗದಲ್ಲಿ ಇಡುತ್ತಿದ್ದ ದಪ್ಪ ಕೊರಡು. ನಮ್ಮ ಹಾಸನದ ಮನೆಯ ಬಚ್ಚಲಲ್ಲಿ ಹಂಡೆ ಒಲೆಗೆ ಅಜ್ಜಿ ರಾತ್ರಿ ಒಂದು ಕೊರಡು ತಳ್ಳಿ ಮಲಗುತ್ತಿದ್ದರಲ್ಲ, ಹಾಗೆ. ನಿಧಾನಕ್ಕೆ ಉರಿದು ಕೆಂಡ ಉಳಿಸುವುದು ಅದರ ಕೆಲಸ. ಹಾಗಾಗಿ ಮೊದಲು ಈ ಪದಕ್ಕೆ ಕೂಡಿಟ್ಟ ದಾಸ್ತಾನು ಎಂಬ ಒಳ್ಳೆಯ ಅರ್ಥವೇ ಇತ್ತು. ಮಾಡದೆ ಬಿಟ್ಟ ಕೆಲಸ ಎಂಬ ಅರ್ಥ ಬಂದದ್ದು ಬಹಳ ತಡವಾಗಿ.

ನನಗೆ ಪರಿಚಯವಾದದ್ದು ಈ ಎರಡನೆಯ ಅರ್ಥವೇ. ತೊಂಬತ್ತರ ದಶಕದಲ್ಲಿ ಹೈದರಾಬಾದಿಗೆ ಬಂದ ಹೊಸತರಲ್ಲಿ ನನ್ನನ್ನು ಶಾಖೆಗಳ ನಡುವಿನ ಲೆಕ್ಕ ಹೊಂದಿಸುವ ವಿಭಾಗಕ್ಕೆ ಹಾಕಿದ್ದರು. ಒಂದು ಶಾಖೆ ಕಳಿಸಿದ ಹಣ ಇನ್ನೊಂದು ಶಾಖೆಯ ಪುಸ್ತಕದಲ್ಲಿ ಕಾಣದಿದ್ದರೆ ಆ ನಮೂದು ನಮ್ಮ ಮೇಜಿಗೆ ಬರುತ್ತಿತ್ತು. ಕೋರ್ ಬ್ಯಾಂಕಿಂಗ್ ಇಲ್ಲದ ಕಾಲ, ಎಲ್ಲಾ ಅಂಚೆಯಲ್ಲಿ ಬರುವ ಅಡ್ವೈಸು. ತಿಂಗಳ ಕೊನೆಗೆ ಮೇಲಿನವರು ಕೇಳುತ್ತಿದ್ದದ್ದು ಒಂದೇ: "ಎಷ್ಟು ಎಂಟ್ರಿ ಕ್ಲಿಯರ್ ಆಯ್ತು?" ನಾವೂ ಜಾಣರು. ಸುಲಭದ್ದು, ಹೊಸದು ಮೊದಲು. ಹಳೆಯದು, ಸಿಕ್ಕುಸಿಕ್ಕಾದದ್ದು ಕೆಳಗೆ. ಕಡತಕ್ಕೆಲ್ಲ ಕೆಂಪು 'ಅರ್ಜೆಂಟ್' ಚೀಟಿ ಬೇರೆ! ಎಲ್ಲವೂ ಅರ್ಜೆಂಟ್ ಆದ ಮೇಲೆ ಆ ಚೀಟಿಗೆ ಏನು ಬೆಲೆ? ಹಾಗೆ ಕೆಳಗೆ ಹೋದದ್ದರಲ್ಲಿ ಒಬ್ಬ ಮುದುಕರ ನಾಲ್ಕು ಸಾವಿರದ ಇನ್ನೂರು ರೂಪಾಯಿ ಇತ್ತು. ಮಗ ಬೇರೆ ಊರಿನಿಂದ ಕಳಿಸಿದ್ದು. ಪ್ರತಿ ಶುಕ್ರವಾರ ಬಂದು "ಕಬ್ ಹೋತಾ ಸಾಬ್?" ಎನ್ನುತ್ತಿದ್ದರು. ಹನ್ನೊಂದು ತಿಂಗಳು ಬಂದರು.

ಇರಲಿ, ಸಾಫ್ಟ್‌ವೇರಿನವರ ಕಥೆಗೆ ಬರುತ್ತೇನೆ. 1986ರಲ್ಲಿ ಹಿರೋಟಾಕ ಟಕೆಯುಚಿ ಮತ್ತು ಇಕುಜಿರೋ ನೊನಾಕಾ ಎಂಬ ಇಬ್ಬರು ಜಪಾನಿ ಪ್ರಾಧ್ಯಾಪಕರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದರು. ಹೊಂಡಾ, ಕ್ಯಾನನ್‌ನಂಥ ಕಂಪನಿಗಳಲ್ಲಿ ಹೊಸ ವಸ್ತು ರೂಪಿಸುವವರು ರಿಲೇ ಓಟದಂತೆ ಒಬ್ಬರಿಂದೊಬ್ಬರಿಗೆ ಕೋಲು ದಾಟಿಸದೆ, ರಗ್ಬಿ ತಂಡದಂತೆ ಒಟ್ಟಾಗಿ ನುಗ್ಗುತ್ತಾರೆ ಎಂದರು. 'ಸ್ಕ್ರಮ್' ಎಂಬ ರಗ್ಬಿ ಪದ ಅಲ್ಲಿಂದ ಬಂತು. ವಿಯೆಟ್ನಾಂ ಯುದ್ಧದಲ್ಲಿ ವಿಮಾನ ಹಾರಿಸಿದ್ದ ಜೆಫ್ ಸದರ್ಲೆಂಡ್ 1993ರಲ್ಲಿ ಈಸೆಲ್ ಎಂಬ ಅಮೆರಿಕನ್ ಕಂಪನಿಯಲ್ಲಿ ಇದನ್ನು ಸಾಫ್ಟ್‌ವೇರಿಗೆ ಅಳವಡಿಸಿದರು. ಕೆನ್ ಶ್ವೇಬರ್ 1995ರಲ್ಲಿ ಟೆಕ್ಸಾಸಿನ ಆಸ್ಟಿನ್‌ನ ಸಮ್ಮೇಳನದಲ್ಲಿ ಮಂಡಿಸಿದರು. 2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ 'ಅಜೈಲ್' ಎಂದು ಹೆಸರಿಟ್ಟದ್ದು ನಿಮಗೆ ಮಕ್ಕಳ ಬಾಯಲ್ಲಿ ಕೇಳಿ ಗೊತ್ತಿರಬಹುದು.

ಸ್ಕ್ರಮ್‌ನಲ್ಲಿ ನನಗೆ ಹಿಡಿಸಿದ್ದು ಬಾಕಿಪಟ್ಟಿಯ ನಿಯಮ. ಪಟ್ಟಿಗೆ ಒಬ್ಬರೇ ಯಜಮಾನರು, 'ಪ್ರಾಡಕ್ಟ್ ಓನರ್'. ಯಾರು ಏನು ಬೇಕಾದರೂ ಕೇಳಲಿ, ಯಾವುದು ಮೊದಲು ಎಂದು ಹೇಳುವವರು ಅವರು ಮಾತ್ರ. 1994ರಲ್ಲಿ ಒರಾಕಲ್‌ನ ಡಾಯ್ ಕ್ಲೆಗ್ ಎಂಬುವರು ಬೇರೆ ಉಪಾಯ ಹೂಡಿದ್ದರು: ಬೇಕೇ ಬೇಕು, ಬೇಕು, ಇದ್ದರೆ ಒಳ್ಳೆಯದು, ಈ ಸಲ ಬೇಡ ಎಂದು ನಾಲ್ಕು ಬುಟ್ಟಿ. ಚೆನ್ನಾಗಿಯೇ ಇದೆ. ಆದರೆ ನಮ್ಮ ಕೆಂಪು ಚೀಟಿ ಕಂಡ ನನಗೆ ಮೊದಲ ಬುಟ್ಟಿ ತುಂಬಿ ಚೆಲ್ಲುವುದು ಕಣ್ಣಿಗೆ ಕಟ್ಟುತ್ತದೆ. 2011ರಲ್ಲಿ ಸ್ಕ್ರಮ್ ಕೈಪಿಡಿಯವರು ಬಾಕಿಪಟ್ಟಿಗೆ ಬಳಸುತ್ತಿದ್ದ 'ಆದ್ಯತೆ' ಪದ ತೆಗೆದು 'ಕ್ರಮ' ಎಂದು ಹಾಕಿದರಂತೆ. ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ಹತ್ತು ಕೆಲಸಕ್ಕೂ ಮೊದಲ ಆದ್ಯತೆ ಕೊಡಬಹುದು, ಸಾಲಿನಲ್ಲಿ ಮೊದಲು ನಿಲ್ಲುವುದು ಒಂದೇ.

ಇದನ್ನೆಲ್ಲ ಓದುತ್ತಾ ಹೋದರೆ ಕಥೆ ನಮ್ಮ ಹೈದರಾಬಾದಿಗೇ ಬಂತು ನೋಡಿ! 2004ರಲ್ಲಿ ಮೈಕ್ರೋಸಾಫ್ಟ್‌ನ ಒಳಗಿನ ಕೆಲವು ಸಾಫ್ಟ್‌ವೇರುಗಳ ರಿಪೇರಿ, ಬದಲಾವಣೆಗಳನ್ನು ಮಾಡುತ್ತಿದ್ದ ಒಂದು ಚಿಕ್ಕ ತಂಡ ಇಲ್ಲಿತ್ತು. ಕೇಳುವವರು ಅಮೆರಿಕದಲ್ಲಿ, ನಾಲ್ಕು ವಿಭಾಗದ ಮ್ಯಾನೇಜರುಗಳು. ಎಂಬತ್ತಕ್ಕೂ ಹೆಚ್ಚು ಬೇಡಿಕೆ ಬಾಕಿ, ಒಂದೊಂದಕ್ಕೂ ಸುಮಾರು ಐದು ತಿಂಗಳು ಕಾಯಬೇಕು. ಆ ವಿಭಾಗದಲ್ಲೇ ಅತಿ ಕೆಟ್ಟ ತಂಡ ಎಂಬ ಬಿರುದು ಬೇರೆ. ಅದನ್ನು ನೋಡಿಕೊಳ್ಳಲು ಹೊಸದಾಗಿ ಬಂದ ದ್ರಾಗೋಸ್ ದುಮಿತ್ರಿಯು, ಡೇವಿಡ್ ಆಂಡರ್ಸನ್ ಎಂಬ ಸಹೋದ್ಯೋಗಿಯ ಸಲಹೆ ಕೇಳಿದರು.

ಇಬ್ಬರೂ ಮೊದಲು ನೋಡಿದ್ದು ಸಮಯ ಎಲ್ಲಿ ಸೋರುತ್ತಿದೆ ಎಂದು. ಹೊಸ ಬೇಡಿಕೆ ಬಂದ ತಕ್ಷಣ ಕೈಯಲ್ಲಿದ್ದ ಕೆಲಸ ಬಿಟ್ಟು ಅದಕ್ಕೆಷ್ಟು ದಿನ ಹಿಡಿಯುತ್ತದೆ ಎಂದು ಅಂದಾಜು ಬರೆದುಕೊಡಬೇಕಿತ್ತು. ತಂಡದ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ಅಂದಾಜಿಗೇ ಖರ್ಚು! ಹಾಗೆ ಅಂದಾಜು ಹಾಕಿದ ಎಷ್ಟೋ ಬೇಡಿಕೆಗಳನ್ನು ಕೊನೆಗೆ ಯಾರೂ ಮಾಡಲೇ ಇಲ್ಲ. ನಮ್ಮಲ್ಲೂ ಹೀಗೆಯೇ: ಬಾಕಿ ಏಕೆ ಉಳಿಯಿತು ಎಂಬ ವಿವರಣಾ ಪತ್ರ ಬರೆಯುವುದರಲ್ಲೇ ಬಾಕಿ ಬೆಳೆಯುತ್ತಿತ್ತು.

ಅವರು ಅಂದಾಜು ಹಾಕುವುದನ್ನೇ ನಿಲ್ಲಿಸಿದರು. ಒಮ್ಮೆಗೆ ಕೆಲವೇ ಬೇಡಿಕೆ ಕೈಗೆತ್ತಿಕೊಳ್ಳುವುದು, ಒಂದು ಮುಗಿದು ಜಾಗ ಖಾಲಿಯಾದಾಗ ಮುಂದಿನದು ಯಾವುದೆಂದು ಆ ನಾಲ್ವರೇ ಕೂಡಿ ಹೇಳುವುದು. ಟೊಯೋಟಾದ ತೈಚಿ ಓನೊ ಕಾರ್ಖಾನೆಗೆ ತಂದಿದ್ದ 'ಕಾನ್‌ಬಾನ್' ಚೀಟಿಗಳ ಹಿಂದಿದ್ದ ಯೋಚನೆಯೂ ಇದೇ. ಕೋಡ್ ಬರೆಯುವ, ಪರೀಕ್ಷಿಸುವ ರೀತಿ ಬದಲಾಗಲಿಲ್ಲ. ಜನರನ್ನು ಸೇರಿಸಿದ್ದು ಆಮೇಲೆ, ಅದೂ ಅಲ್ಪ. 2005 ಮುಗಿಯುವ ಹೊತ್ತಿಗೆ ಆ ರಾಶಿ ಕರಗಿತ್ತು. ಐದು ತಿಂಗಳ ಕಾಯುವಿಕೆ ಸುಮಾರು ಎರಡು ವಾರಕ್ಕೆ ಇಳಿದಿತ್ತು. ಸಾಫ್ಟ್‌ವೇರಿನಲ್ಲಿ 'ಕಾನ್‌ಬಾನ್' ಎಂದು ಮುಂದೆ ಹೆಸರಾದ ಪದ್ಧತಿಯ ಚರಿತ್ರೆ ಈ ತಂಡದಿಂದಲೇ ಶುರುವಾಗುತ್ತದೆ. ಇದೇ ಊರಲ್ಲಿ ಮೂವತ್ತು ವರ್ಷದಿಂದ ಇದ್ದೇನೆ, ನನಗೆ ಗೊತ್ತೇ ಇರಲಿಲ್ಲ. ಮಗಳಿಗೂ ಗೊತ್ತಿರಲಿಲ್ಲ ಅನ್ನಿ!

ಅವಳಿಗೆ ಇದನ್ನೆಲ್ಲ ಹೇಳಿದಾಗ ಕೇಳಿದಳು, "ಆ ತಾತನ ದುಡ್ಡು ಸಿಕ್ಕಿತಾ ಅಪ್ಪಾ?"

ಸಿಕ್ಕಿತು. ಒಂದು ಶುಕ್ರವಾರ ಅವರು ಏನೂ ಕೇಳದೆ ಸುಮ್ಮನೆ ಎದುರಿನ ಬೆಂಚಿನ ಮೇಲೆ ಕುಳಿತರು. ನನಗೆ ತಡೆಯಲಾಗಲಿಲ್ಲ. ಉಳಿದದ್ದೆಲ್ಲ ಪಕ್ಕಕ್ಕಿಟ್ಟು ಆ ಒಂದು ನಮೂದು ಹಿಡಿದು ಕುಳಿತೆ. ಅದೇ ಹೆಸರಿನ ಇನ್ನೊಬ್ಬರ ಖಾತೆ ಸಂಖ್ಯೆ ಬರೆದು ಬಂದಿದ್ದರಿಂದ ಹಣ ಸಸ್ಪೆನ್ಸ್ ಖಾತೆಯಲ್ಲಿ ಕೊಳೆಯುತ್ತಿತ್ತು. ಎರಡು ಫೋನು, ಒಂದು ವೋಚರು. ಊಟದ ಹೊತ್ತಿಗೆ ಮುಗಿಯಿತು.