ಸಲಿಕೆ ಹಿಡಿದ ಸಾಹೇಬರು

1934ರ ಜನವರಿ 15. ಮಧ್ಯಾಹ್ನ ಎರಡು ಗಂಟೆ ದಾಟಿ ಕೆಲವು ನಿಮಿಷ. ನೇಪಾಳದ ಪೂರ್ವ ಭಾಗದಲ್ಲಿ ಭೂಮಿ ಮಗ್ಗುಲು ಬದಲಿಸಿತು. ಉತ್ತರ ಬಿಹಾರ ನಡುಗಿತು, ಮುಂಗೇರ್ ಪಟ್ಟಣ ನೆಲಸಮವಾಯಿತು. ಎರಡೂ ಕಡೆ ಸೇರಿ ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಬದುಕಿ ಉಳಿದ ರೈತರಿಗೆ ಇನ್ನೊಂದು ಪೆಟ್ಟು ಕಾದಿತ್ತು. ನೆಲ ಬಿರಿದ ಕಡೆಯಲ್ಲೆಲ್ಲ ಒಳಗಿನ ನೀರು, ಮರಳು ಬುಗ್ಗೆಯಾಗಿ ಚಿಮ್ಮಿ ಗದ್ದೆಗಳನ್ನು ಮುಚ್ಚಿಬಿಟ್ಟಿದ್ದವು. ಕೆಲವೆಡೆ ಊರಿಗೆ ಊರೇ ತಗ್ಗಿಗೆ ಕುಸಿದು, ಮುಂದಿನ ಮಳೆಗಾಲದ ಪ್ರವಾಹಕ್ಕೆ ಬಾಯೊಡ್ಡಿ ಕೂತಿತ್ತು.

ಗಾಂಧೀಜಿ ಆಗ ಹರಿಜನ ಯಾತ್ರೆಯಲ್ಲಿ ದಕ್ಷಿಣದಲ್ಲಿದ್ದರು. ಫೆಬ್ರವರಿಯಲ್ಲಿ ಅವರು ಕೊಡಗಿಗೆ ಬಂದಾಗ ಕಥೆಗಾರ್ತಿ ಗೌರಮ್ಮ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟದ್ದು ಕನ್ನಡಿಗರಿಗೆ ಗೊತ್ತಿರುವ ಕಥೆ. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೇ ಈ ಭೂಕಂಪ ಎಂದು ಗಾಂಧೀಜಿ ಹೇಳಿದ್ದೂ, ಅದು ಅವೈಜ್ಞಾನಿಕ ಎಂದು ರವೀಂದ್ರನಾಥ ಟ್ಯಾಗೋರರು ಸಿಡಿದದ್ದೂ, ಆ ಟೀಕೆಯನ್ನು ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿದ್ದೂ ಅದೇ ದಿನಗಳಲ್ಲಿ. ಈ ಜಗಳದ ಬಗ್ಗೆ ಪುಟಗಟ್ಟಲೆ ಬರೆದಾಗಿದೆ. ಆ ವರ್ಷ ಸ್ವಿಟ್ಜರ್ಲೆಂಡಿನಿಂದ ಹಡಗು ಹತ್ತಿ ಬಂದ ಐವತ್ತು ದಾಟಿದ ಎಂಜಿನಿಯರ್ ಒಬ್ಬರ ಬಗ್ಗೆ ಬರೆದದ್ದು ಕಡಿಮೆ.

ಅವರು ಪಿಯರ್ ಸೆರೆಸೋಲ್. 1879ರಲ್ಲಿ ಲೊಸಾನ್‌ನಲ್ಲಿ ಹುಟ್ಟಿದವರು. ತಂದೆ ಪಾಲ್ ಸೆರೆಸೋಲ್ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರು. ಇಂಥ ಮನೆಯ ಮಗ ಅಮೆರಿಕ, ಹವಾಯಿ, ಜಪಾನ್ ಸುತ್ತಿ, ಕೈಕೆಲಸ ಮಾಡಿ ಹೊಟ್ಟೆ ಹೊರೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನಾ ತೆರಿಗೆ ಕಟ್ಟುವುದಿಲ್ಲವೆಂದು ಹಟ ಹಿಡಿದು ಜೈಲಿಗೂ ಹೋದರು. ಯುದ್ಧ ಬೇಡ ಎನ್ನುವವನನ್ನು ಜನ ಹೇಡಿ ಅನ್ನುತ್ತಾರೆ. ಹಾಗಾದರೆ ಸೈನಿಕನಷ್ಟೇ ಬೆವರು ಸುರಿಸುವ, ಅಷ್ಟೇ ಶಿಸ್ತಿನ, ಆದರೆ ಕೆಡಹುವ ಬದಲು ಕಟ್ಟುವ ದಂಡು ಯಾಕಿರಬಾರದು? ಅವರ ತಲೆ ಹೊಕ್ಕ ಹುಳ ಇದು.

1920ರ ನವೆಂಬರಿನಲ್ಲಿ ಆ ದಂಡು ಫ್ರಾನ್ಸಿನ ವೆರ್ಡನ್ ಬಳಿಯ ಎಸ್ನ್ ಎಂಬ ಹಳ್ಳಿಯಲ್ಲಿ ಬೀಡುಬಿಟ್ಟಿತು. ಶೆಲ್ಲುಗಳ ಹೊಡೆತಕ್ಕೆ ಹಳ್ಳಿ ಹುಡಿಯಾಗಿತ್ತು. ಬಂದವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಜರ್ಮನ್ನರೂ ಇದ್ದರು. ತಾತ್ಕಾಲಿಕ ಮನೆ ಕಟ್ಟಿದರು, ದಾರಿ ಸರಿಪಡಿಸಿದರು, ಹೊಲ ಹಸನು ಮಾಡಿದರು. ನಿನ್ನೆಯವರೆಗೆ ಗುಂಡು ಹಾರಿಸಿದವರ ಕಡೆಯವರು ಇವತ್ತು ಇಟ್ಟಿಗೆ ಹೊರಲು ಬಂದರೆ ಯಾರು ಒಪ್ಪುತ್ತಾರೆ? ಅಧಿಕಾರಿಗಳಿಗೆ ಜರ್ಮನ್ನರ ಇರವೇ ಹಿಡಿಸಲಿಲ್ಲ. ಐದೇ ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕಾಯಿತು. ಕೈಗಳು ಬೇಕಿದ್ದವು, ಆದರೆ ಆ ಕೈಗಳು ಬೇಕಿರಲಿಲ್ಲ.

ಸೆರೆಸೋಲ್ ಬಿಡಲಿಲ್ಲ. 1928ರಲ್ಲಿ ಲಿಕ್ಟೆನ್‌ಸ್ಟೈನ್‌ನಲ್ಲಿ ರೈನ್ ನದಿಯ ಪ್ರವಾಹ ಕಲ್ಲುಮಣ್ಣು ತುಂಬಿಹೋಗಿದ್ದ ಹೊಲಗಳನ್ನು ಬಿಡಿಸಲು ಹಲವು ದೇಶಗಳಿಂದ 700ಕ್ಕೂ ಹೆಚ್ಚು ಜನ ಸೇರಿದರು. ಅವರ ದಂಡಿನ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಹೆಸರು ಯುರೋಪಿನಲ್ಲಿ ಪರಿಚಿತವಾಯಿತು. 1931ರ ಡಿಸೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತು ಮುಗಿಸಿ ಹೊರಟಿದ್ದ ಗಾಂಧೀಜಿ ಫ್ರೆಂಚ್ ಲೇಖಕ ರೊಮೇನ್ ರೋಲಾರನ್ನು ಕಾಣಲು ಸ್ವಿಟ್ಜರ್ಲೆಂಡಿಗೆ ಬಂದಾಗ ಸೆರೆಸೋಲರ ಪರಿಚಯವಾಯಿತು. ಬಿಹಾರದ ಸುದ್ದಿ ಕಿವಿಗೆ ಬಿದ್ದಾಗ ಅವರಿಗೆ ದಾರಿ ಗೊತ್ತಿತ್ತು.

1934ರಲ್ಲಿ ಮೊದಲು ಅವರೊಬ್ಬರೇ ಬಂದು ನೋಡಿಕೊಂಡು ಹೋದರು. ಆಮೇಲೆ ಜೊತೆಯಾದವರು ಮೂವರು: ಇಂಗ್ಲೆಂಡಿನ ಜೋ ವಿಲ್ಕಿನ್ಸನ್, ಫ್ರೇಜರ್ ಹಾಯ್ಲೆಂಡ್, ಸ್ವಿಸ್ ಯುವಕ ಪಾಲ್ ಶೆಂಕರ್. ನಾಲ್ಕೇ ಜನ! ಮುಜಫರ್‌ಪುರ ಜಿಲ್ಲೆಯ ತಗ್ಗಿನ ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸಾಗಿಸುವುದು ಅವರು ಆಯ್ದುಕೊಂಡ ಕೆಲಸ. ಹಾಗೆ ಎದ್ದ ಒಂದು ಹೊಸ ಊರಿಗೆ ಶಾಂತಿಪುರ ಎಂದು ಹೆಸರಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಿಹಾರದಲ್ಲಿ ಮಣ್ಣು ಹೊರುವವರಿಗೆ ಬರವಿತ್ತೇ? ಬೆಳೆ ಹೋದ, ಮನೆ ಬಿದ್ದ, ದಿನಗೂಲಿ ಸಿಕ್ಕರೆ ಸಾಕೆನ್ನುವ ಸಾವಿರಾರು ಜನ ಅಲ್ಲೇ ಇದ್ದರು. ಬಿಸಿಲಿನ ಅಭ್ಯಾಸವಿಲ್ಲದ ನಾಲ್ವರು ಐರೋಪ್ಯರು ಎಷ್ಟು ಬುಟ್ಟಿ ಮಣ್ಣು ಎತ್ತಿಯಾರು? ಹಡಗಿನ ಟಿಕೆಟ್ಟಿನ ದುಡ್ಡಿನಲ್ಲಿ ಅದರ ಎಷ್ಟೋ ಪಟ್ಟು ಕೂಲಿ ಕೊಡಬಹುದಿತ್ತು. ಪರದೇಶಕ್ಕೆ ಸೇವೆ ಮಾಡಲು ಹೊರಟವರ ಇಡೀ ಇತಿಹಾಸವನ್ನು ಕಾಡುವ ಪ್ರಶ್ನೆ ಇದು, ಮೊದಲ ದಿನವೇ ಎದುರಿಗೆ ನಿಂತಿತ್ತು.

ಸೆರೆಸೋಲರ ತಂಡಕ್ಕೆ ದಕ್ಕಿದ್ದು ಬೇರೆಯದೇ ಕೆಲಸ. ಒಂದು ಕಡೆ ಬ್ರಿಟಿಷ್ ಸರ್ಕಾರ. ಇನ್ನೊಂದು ಕಡೆ ಬಿಹಾರ ಕೇಂದ್ರ ಪರಿಹಾರ ಸಮಿತಿ. ಅದರ ಮುಂದಾಳು ರಾಜೇಂದ್ರ ಪ್ರಸಾದರು ಭೂಕಂಪದ ಹೊತ್ತಿಗೆ ಜೈಲಿನಲ್ಲಿದ್ದು, ಆಮೇಲಷ್ಟೇ ಬಿಡುಗಡೆಯಾದವರು. ಪರಸ್ಪರ ನಂಬಿಕೆಯಿಲ್ಲದ ಈ ಎರಡೂ ಕಡೆಯವರ ಜೊತೆ ಮಾತಾಡಬಲ್ಲವರು ಬೇಕಿತ್ತು. ಲೆಕ್ಕದ ಬಿಗಿ ಹೇಗಿತ್ತೆಂದರೆ, ಸಮಿತಿಯ ಹಣಕಾಸು ನೋಡುತ್ತಿದ್ದ ಜೆ.ಸಿ. ಕುಮಾರಪ್ಪನವರು ಸ್ವತಃ ಗಾಂಧೀಜಿಯ ಪರಿವಾರದ ಖರ್ಚನ್ನೂ ಪರಿಹಾರ ನಿಧಿಯಿಂದ ಕೊಡಲು ಒಪ್ಪಲಿಲ್ಲವೆಂದು ಹೇಳುತ್ತಾರೆ. ಅಂಥ ಕಡೆ ವಿದೇಶಿಯರಿಗೆ ಮರ್ಯಾದೆ ಸಿಕ್ಕಿದ್ದು ಸುಮ್ಮನೆ ಅಲ್ಲ. ಅದಕ್ಕಿಂತ ದೊಡ್ಡದು, ಬಿಳಿಯ ಸಾಹೇಬ ಸಲಿಕೆ ಹಿಡಿದ ದೃಶ್ಯ. ಮಣ್ಣು ಮುಟ್ಟುವುದು ಯಾವ ಜಾತಿಯ ಕೆಲಸವೆಂದು ಎಲ್ಲರಿಗೂ ಗೊತ್ತಿದ್ದ ನಾಡಿನಲ್ಲಿ, ಆಳುವವರ ಬಣ್ಣದ ಮನುಷ್ಯ ಗುಂಡಿ ಅಗೆಯುವುದೆಂದರೆ ಸಣ್ಣ ಮಾತಲ್ಲ. 1937ರ ತನಕ ಕೆಲಸ ನಡೆಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಕಲ್ಪನೆ ಬೇರೆ ಸಂಸ್ಥೆಗಳ, ಸರ್ಕಾರಗಳ ಕೈಗೆ ಬಂತು. ಆ ಹೊತ್ತಿಗೆ ಸೆರೆಸೋಲ್ ಇರಲಿಲ್ಲ, 1945ರಲ್ಲಿ ತೀರಿಕೊಂಡಿದ್ದರು. 1958ರಲ್ಲಿ ಬ್ರಿಟನ್ನಿನ ಅಲೆಕ್ ಡಿಕ್ಸನ್ ವಾಲಂಟರಿ ಸರ್ವಿಸ್ ಓವರ್‌ಸೀಸ್ ಆರಂಭಿಸಿ, ಶಾಲೆ ಮುಗಿಸಿ ಕಾಲೇಜು ಸೇರದ ಹುಡುಗರನ್ನು ಸರವಾಕ್, ಘಾನಾ ಕಡೆಗೆ ಕಳಿಸಿದರು. 1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಕೆನಡಿ ಒಂದು ಆದೇಶಕ್ಕೆ ಸಹಿ ಹಾಕಿ ಪೀಸ್ ಕೋರ್ ಹುಟ್ಟುಹಾಕಿದರು. ಅದೇ ಡಿಸೆಂಬರಿನಲ್ಲಿ ಮೊದಲ ತಂಡ ಪಂಜಾಬಿಗೆ ಇಳಿಯಿತು. 1976ರಲ್ಲಿ ಬಾಗಿಲು ಹಾಕುವವರೆಗೆ ಭಾರತಕ್ಕೆ ಬಂದವರು ನಾಲ್ಕು ಸಾವಿರಕ್ಕೂ ಹೆಚ್ಚು.

ಅವರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಬಂದವರೂ ಇದ್ದರು. ಕೋಳಿ ಸಾಕಣೆಯಂಥ ಕಸುಬಿನ ಬಗ್ಗೆ ನಮ್ಮ ರೈತರಿಗೆ ಹೇಳಿಕೊಡಬೇಕಾದವರಲ್ಲಿ ಅನೇಕರು ಆಗಷ್ಟೇ ಕಾಲೇಜಿನಿಂದ ಹೊರಬಿದ್ದವರು, ಇತಿಹಾಸವನ್ನೋ ಸಾಹಿತ್ಯವನ್ನೋ ಓದಿದವರು. ಕೆಲವು ವಾರ ತರಬೇತಿ, ಜೊತೆಗೆ ಅಷ್ಟಿಷ್ಟು ಕನ್ನಡ. ಕೋಳಿಗೂಡಿನಲ್ಲೇ ಬೆಳೆದ ಮುದುಕಿಗೆ ಇಪ್ಪತ್ತೆರಡರ ಹುಡುಗ ಕೋಳಿಯ ಪಾಠ ಹೇಳುವುದರಲ್ಲಿ ತಮಾಷೆ ಇಲ್ಲದಿರಲಿಲ್ಲ. ಆದರೂ ಬಿಳಿ ಲೆಗಾರ್ನ್ ತಳಿಯ ಸಾಕಣೆ ಮನೆಯಂಗಳದ ಕೋಳಿಯದಲ್ಲ. ಲಸಿಕೆ, ಮೇವು, ಬೆಳಕು, ಮಾರುಕಟ್ಟೆಯ ಲೆಕ್ಕಾಚಾರ ಅಲ್ಲಿ ನಿಜಕ್ಕೂ ಹೊಸದು. ಎಲ್ಲರೂ ಎಳೆಯರೂ ಅಲ್ಲ. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ 68ನೇ ವಯಸ್ಸಿನಲ್ಲಿ ಬಂದು ಮುಂಬೈ ಪಕ್ಕದ ವಿಕ್ರೋಲಿಯಲ್ಲಿ ಸುಮಾರು ಎರಡು ವರ್ಷ ಇದ್ದರು. ಅವರು ವೃತ್ತಿಯಿಂದ ದಾದಿ, ಚುಚ್ಚುಮದ್ದು ಕೊಡಬಲ್ಲವರು. ಅಂಥವರ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ತಕರಾರು ಬಂದದ್ದು 1968ರಲ್ಲಿ. ಇವಾನ್ ಇಲಿಚ್ ಎಂಬ ಪಾದ್ರಿ, ಚಿಂತಕ, ಬೇಸಿಗೆ ರಜೆಯಲ್ಲಿ ಮೆಕ್ಸಿಕೋಗೆ ಸೇವೆಗೆಂದು ಹೊರಟ ಅಮೆರಿಕನ್ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡೇ ಝಾಡಿಸಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ತಿರುಳು. ಮನೆಗೆ ಕರೆದ ನೆಂಟರನ್ನು ಬೈದಷ್ಟು ಒರಟು ಅನ್ನಿಸಬಹುದು, ಆದರೆ ಆಮೇಲೆ ನಡೆದದ್ದನ್ನು ನೋಡಿದರೆ ಅವರು ಕೊಂಚ ಮೆದುವಾಗಿಯೇ ಮಾತಾಡಿದ್ದರು. ಎರಡು ವಾರದ ಸೇವೆಗೆ ಸೇವೆ ಮಾಡುವವರೇ ದುಡ್ಡು ಕೊಡುವ ಪ್ರವಾಸದ ಉದ್ಯಮ ಬೆಳೆಯಿತು. ಕಾಂಬೋಡಿಯ, ನೇಪಾಳಗಳಲ್ಲಿ ಅನಾಥಾಲಯಗಳಿಗೆ ಬಂದ ವಿದೇಶಿಯರು ಮುದ್ದಿಸಿದ ಮಕ್ಕಳಲ್ಲಿ ಅನೇಕರು ಅನಾಥರೇ ಅಲ್ಲ, ತಂದೆಯೋ ತಾಯಿಯೋ ಊರಲ್ಲಿ ಬದುಕಿದ್ದರು. ಬಂದವರ ಕನಿಕರಕ್ಕೆ ಬೇಡಿಕೆ ಹೆಚ್ಚಿದಂತೆ ಹಳ್ಳಿಯ ಬಡವರ ಮಕ್ಕಳನ್ನು ತಂದು ತುಂಬಿಸುವವರು ಹುಟ್ಟಿಕೊಂಡರು. 2018ರ ಹೊತ್ತಿಗೆ ಆಸ್ಟ್ರೇಲಿಯ ಸರ್ಕಾರ ಇಂಥ ಕಡೆ ಸೇವೆಗೆ ಹೋಗಬೇಡಿ ಎಂದು ತನ್ನ ಜನರಿಗೇ ಎಚ್ಚರಿಕೆ ಹೇಳಬೇಕಾಯಿತು.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು, ಕೆಲವೆಡೆ ಈಗಲೂ ಇದೆ. ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು ಬಂದರೆ, ನಾಳೆ ನನ್ನ ಗದ್ದೆಗೆ ನೀನು. ಲೆಕ್ಕ ಯಾರೂ ಬರೆದಿಡುವುದಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ಪರದೇಶದ ಸೇವೆಯಲ್ಲಿ ಈ ತಿರುಗು ದಾರಿಯೇ ಬಹುಪಾಲು ಇರಲಿಲ್ಲ. ಬರುವವರು ಯಾವಾಗಲೂ ಒಂದೇ ದಿಕ್ಕಿನಿಂದ.

ಹಾಗೆಂದು ಪೂರ್ತಿ ಇಲ್ಲವೆನ್ನುವಂತಿಲ್ಲ. 1950ರಲ್ಲಿ ಸ್ವಿಟ್ಜರ್ಲೆಂಡಿನ ರಾಲ್ಫ್ ಮತ್ತು ಇಡಿ ಹೆಗ್ನಾವರ್ ದಂಪತಿ ಭಾರತಕ್ಕೆ ಬಂದರು. ವಿಭಜನೆಯಲ್ಲಿ ಮನೆ ಕಳೆದುಕೊಂಡವರು ಬೀಡುಬಿಟ್ಟಿದ್ದ ಫರೀದಾಬಾದಿನಲ್ಲಿ ಸೆರೆಸೋಲರ ಸಂಸ್ಥೆಯ ಕೆಲಸ ಮತ್ತೆ ಹಿಡಿದರು. ಈ ಸಲ ಪಕ್ಕದಲ್ಲಿ ಗುದ್ದಲಿ ಹಿಡಿದು ನಿಂತವರಲ್ಲಿ ಭಾರತದ ತರುಣರೂ ಇದ್ದರು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಕೆಲವರು ಹಡಗು ಹತ್ತಿ ಯುರೋಪಿನ ಶಿಬಿರಗಳಿಗೆ ಹೋದರು, ಅಲ್ಲಿನ ಚಳಿಯಲ್ಲಿ ಅಲ್ಲಿನವರ ಜೊತೆ ಮಣ್ಣು ಅಗೆದರು.